ನೇರ ನಗದು ನೆರವು ಮತ್ತು ಆದಾಯ ತೆರಿಗೆ ರಿಫಂಡ್ (ಅಳವಂಡಿ ಸೀಮೆ)

ಸರ್ಕಾರ ಬ್ಯಾಂಕ್ ಖಾತೆಗೆ ಹಾಕುವ ನೆರವಿನ ಹಣಕ್ಕೂ ಆದಾಯ ತೆರಿಗೆ ಇಲಾಖೆಯಿಂದ ಮರಳಿ ಬರುವ ರಿಫಂಡಿಗೂ ನಂಟು ಬೆಳೆದದ್ದು, ಕೊಪ್ಪಳ ತಾಲ್ಲೂಕಿನ ಹೋಬಳಿ ಕೇಂದ್ರವಾದ ಅಳವಂಡಿಯಲ್ಲೂ ರಾಜ್ಯದ ಉಳಿದ ಕಡೆಗಳಲ್ಲೂ, ಮುಖ್ಯವಾಗಿ 2018ರಿಂದ ಈಚೆಗೆ. ಈ ವಿಷಯದ ಬರಹಗಳು ಹಲವು ಸಲ ಅಮೆರಿಕದ ಪದ್ಧತಿಯನ್ನು ಇಲ್ಲಿಗೂ ಹೊಂದಿಸಿ ಗೊಂದಲ ಹುಟ್ಟಿಸಿವೆ. ಅಲ್ಲಿ ಕೋವಿಡ್ ಪರಿಹಾರಕ್ಕಾಗಿ ಬಂದ 2020ರ ಕೇರ್ಸ್ ಕಾಯ್ದೆಯಡಿ ಹಂಚಿದ 1,200 ಡಾಲರ್ ಮುಂಗಡ ತೆರಿಗೆ ಕ್ರೆಡಿಟ್ ಆಗಿತ್ತು. ಅದು ಕೈತಪ್ಪಿದವರು ರಿಟರ್ನ್‌ನಲ್ಲಿ ಕೇಳಿ ರಿಫಂಡ್ ಹೆಚ್ಚಿಸಿಕೊಳ್ಳಬಹುದಿತ್ತು. ಇಲ್ಲಿ ನೆರವು ಪಡೆದರೆ ರಿಫಂಡ್ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಪರಿಣಾಮವಾಗುವುದು ತಿರುಗುಮುರುಗಾಗಿ: ತೆರಿಗೆ ದಾಖಲೆಯಲ್ಲಿ ಹೆಸರಿದ್ದರೆ ನೆರವೇ ನಿಲ್ಲಬಹುದು.

ಹಿಂದಿನ ಕಾಲವನ್ನು ಚುಟುಕಾಗಿ ಹೇಳಬಹುದು. ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಭಾಗಕ್ಕೆ ಭಾರತದ ಆದಾಯ ತೆರಿಗೆ ಕಾಯ್ದೆ ವಿಸ್ತರಿಸಿದ್ದು 1950ರಲ್ಲಿ. ಅಳವಂಡಿ ಶಿವಮೂರ್ತಿಸ್ವಾಮಿಗಳು 1952ರಲ್ಲಿ ಕುಷ್ಟಗಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದಾಗ ಅದು ಇಲ್ಲಿಗೆ ಹೊಸ ಕಾಯ್ದೆ. ಕೃಷಿ ಆದಾಯಕ್ಕೆ ಈ ತೆರಿಗೆ ಇಲ್ಲದ್ದರಿಂದ ಒಕ್ಕಲು ಮನೆಗಳಿಗೂ ತೆರಿಗೆ ಕಚೇರಿಗೂ ದಶಕಗಳ ಕಾಲ ಮುಖಾಮುಖಿಯೇ ಅಪರೂಪವಾಗಿತ್ತು. ಅದನ್ನು ಬದಲಿಸಿದ್ದು ಟಿಡಿಎಸ್, ಅಂದರೆ ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ. ಠೇವಣಿಯ ಬಡ್ಡಿ ಮಿತಿ ದಾಟಿದರೆ ಬ್ಯಾಂಕೇ ತೆರಿಗೆ ಮುರಿಯುತ್ತದೆ; ತೆರಿಗೆ ಬಾಧ್ಯತೆ ಇಲ್ಲವೆಂಬ ಘೋಷಣಾ ನಮೂನೆ (15ಜಿ ಅಥವಾ 15ಎಚ್) ಕೊಡದವರು ಆ ಹಣ ವಾಪಸ್ ಪಡೆಯಲು ರಿಟರ್ನ್ ಸಲ್ಲಿಸಲೇಬೇಕು. ಆ ರಿಟರ್ನ್‌ನ ಲೆಕ್ಕ ನೋಡುವುದು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ.

ಮೊದಲ ತಿರುವು 2018ರ ಜುಲೈನದು. ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಸುಮಾರು 34,000 ಕೋಟಿ ರೂಪಾಯಿಯ ಬೆಳೆಸಾಲ ಮನ್ನಾ ಘೋಷಿಸಿದಾಗ, ಹಿಂದಿನ ಮೂರು ವರ್ಷ ಆದಾಯ ತೆರಿಗೆ ಕಟ್ಟಿದ ರೈತರನ್ನು ಹೊರಗಿಟ್ಟರು. 2019ರ ಫೆಬ್ರುವರಿ 24ರಂದು ಚಾಲನೆ ಪಡೆದ ಕೇಂದ್ರದ ರೈತ ನೆರವು ಯೋಜನೆ ಪಿಎಂ ಕಿಸಾನ್ ಇದೇ ದಾರಿ ಹಿಡಿಯಿತು: ವರ್ಷಕ್ಕೆ 6,000 ರೂಪಾಯಿ ಮೂರು ಕಂತಿನಲ್ಲಿ, ಹಿಂದಿನ ತೆರಿಗೆ ನಿರ್ಧಾರಣಾ ವರ್ಷದಲ್ಲಿ ತೆರಿಗೆ ಕಟ್ಟಿದವರಿಗೆ ಇಲ್ಲ. ರಾಜ್ಯ ಸರ್ಕಾರ ಅದರ ಮೇಲೆ ಕೊಡುತ್ತಿದ್ದ 4,000 ರೂಪಾಯಿ 2023ರಲ್ಲಿ ನಿಂತಿತು.

ರಿಫಂಡನ್ನೇ ಸರ್ಕಾರ ಪರಿಹಾರದಂತೆ ಬಳಸಿದ ಸಂದರ್ಭ ಕೋವಿಡ್ ಕಾಲದ್ದು. ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. 2020ರ ಏಪ್ರಿಲ್ 8ರಂದು ಕೇಂದ್ರವು 5 ಲಕ್ಷ ರೂಪಾಯಿವರೆಗಿನ ಬಾಕಿ ಆದಾಯ ತೆರಿಗೆ ರಿಫಂಡ್‌ಗಳನ್ನು ಕೂಡಲೇ ಬಿಡುಗಡೆ ಮಾಡುವುದಾಗಿ ಹೇಳಿತು. ಸುಮಾರು 14 ಲಕ್ಷ ತೆರಿಗೆದಾರರಿಗೆ ಪ್ರಯೋಜನವೆಂದು ಅಂದಾಜು. ಅದು ಜನರದ್ದೇ ಹಣ, ಬೇಗ ಬಂತು ಅಷ್ಟೇ. ಮೇ 14ರಿಂದ 2021ರ ಮಾರ್ಚ್ 31ರವರೆಗೆ ಸಂಬಳವಲ್ಲದ ಪಾವತಿಗಳ ಟಿಡಿಎಸ್ ದರವನ್ನು ನಾಲ್ಕನೇ ಒಂದು ಭಾಗ ಇಳಿಸಲಾಯಿತು. 50,000 ಕೋಟಿ ರೂಪಾಯಿ ಜನರ ಕೈಯಲ್ಲಿ ಉಳಿಯುತ್ತದೆ ಎಂದು ಸರ್ಕಾರ ಹೇಳಿತು. ಇದರ ಲೆಕ್ಕ ಸರಳ. ತೆರಿಗೆ ಬಾಧ್ಯತೆಯೇ ಇಲ್ಲದವರೊಬ್ಬರಿಗೆ 60,000 ರೂಪಾಯಿ ಬಡ್ಡಿ ಬಂದರೆ ಹತ್ತು ಪ್ರತಿಶತದಂತೆ 6,000 ಮುರಿಯುತ್ತಿದ್ದರು. ಏಳೂವರೆಯಂತೆ 4,500 ಮುರಿದರು. 1,500 ರೂಪಾಯಿ ಮೊದಲೇ ಕೈಗೆ ಬಂತು, ಮುಂದಿನ ವರ್ಷದ ರಿಫಂಡ್ ಅಷ್ಟೇ ಕಡಿಮೆಯಾಯಿತು. ಭಾರತದಲ್ಲಿ ಉತ್ತೇಜನ ಕ್ರಮವೊಂದು ರಿಫಂಡಿನ ಮೊತ್ತವನ್ನೇ ಇಳಿಸಿದ ನಿದರ್ಶನ ಬೇಕಿದ್ದರೆ ಇದನ್ನು ತೋರಿಸಬಹುದು.

ಅದೇ 2020ರಲ್ಲಿ ಜನಧನ್ ಖಾತೆಯ ಮಹಿಳೆಯರಿಗೆ ಮೂರು ತಿಂಗಳು ತಲಾ 500 ರೂಪಾಯಿ ಬಂತು. ರಾಜ್ಯದಿಂದ ಕ್ಷೌರಿಕರು, ಅಗಸರು, ಆಟೊ ಚಾಲಕರಿಗೆ ಮತ್ತು ಮೆಕ್ಕೆಜೋಳ ಬೆಳೆಗಾರರಿಗೆ ತಲಾ 5,000 ರೂಪಾಯಿ ಘೋಷಣೆಯಾಯಿತು. ಇವು ರಿಫಂಡಿನ ಲೆಕ್ಕಕ್ಕೆ ಬರಲಿಲ್ಲ. ಕೇಂದ್ರ ಸರ್ಕಾರ ಅಡುಗೆ ಅನಿಲ ಸಬ್ಸಿಡಿಯಂಥ ವೈಯಕ್ತಿಕ ಕಲ್ಯಾಣದ ನೆರವಿಗೆ ತೆರಿಗೆ ಇಲ್ಲವೆಂದು 2015ರಲ್ಲೇ ಸ್ಪಷ್ಟಪಡಿಸಿತ್ತು. ರಿಫಂಡಿನೊಂದಿಗೆ ಬರುವ ಬಡ್ಡಿಗೆ ಮಾತ್ರ ತೆರಿಗೆ ಉಂಟು. ಹಳೇ ತೆರಿಗೆ ಬಾಕಿಯನ್ನೂ ರಿಫಂಡಿನಲ್ಲಿ ಮುರಿದುಕೊಳ್ಳಬಹುದು.

ತೆರಿಗೆದಾರರಿಗೆ ನೆರವು ಸಲ್ಲಬೇಕೇ ಎಂಬ ವಿವಾದ ದಟ್ಟವಾಗಿರುವುದು ಇದರ ನಂತರದ ಅವಧಿಯಲ್ಲಿ. ಸುಮಾರು 42 ಲಕ್ಷ ಅನರ್ಹರಿಗೆ ಪಿಎಂ ಕಿಸಾನ್‌ನ ಹತ್ತಿರ ಹತ್ತಿರ 3,000 ಕೋಟಿ ರೂಪಾಯಿ ಹೋಗಿದೆಯೆಂದು ಕೇಂದ್ರ ಕೃಷಿ ಸಚಿವರು 2021ರ ಜುಲೈನಲ್ಲಿ ಸಂಸತ್ತಿಗೆ ತಿಳಿಸಿದರು. ತೆರಿಗೆ ಕಟ್ಟುವವರೂ ಅದರಲ್ಲಿದ್ದರು. ವಸೂಲಿ ಶುರುವಾಯಿತು. ರೈತರೇ ಕಂತು ಮರಳಿಸಲು ಯೋಜನೆಯ ಪೋರ್ಟಲ್‌ನಲ್ಲಿ ಪ್ರತ್ಯೇಕ ವ್ಯವಸ್ಥೆ ಬಂತು.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ರಾಜ್ಯದ ಗೃಹಲಕ್ಷ್ಮಿ ಯೋಜನೆ ಈ ಪ್ರಶ್ನೆಯನ್ನು ಮನೆಮನೆಗೆ ತಂದಿತು. ಮನೆಯ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ ಇಲ್ಲವೇ ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತಿದ್ದರೆ ತಿಂಗಳ 2,000 ರೂಪಾಯಿ ಸಿಗದು. ಗಮನಿಸಬೇಕಾದ ವ್ಯತ್ಯಾಸ ಇಲ್ಲಿದೆ: ಜಿಎಸ್‌ಟಿಗೆ ರಿಟರ್ನ್ ಸಲ್ಲಿಸುವುದೇ ಅಳತೆ, ಆದಾಯ ತೆರಿಗೆಗೆ ಕಟ್ಟುವುದು ಅಳತೆ. ಸಾಲಕ್ಕಾಗಿಯೋ ಟಿಡಿಎಸ್ ವಾಪಸಿಗಾಗಿಯೋ ರಿಟರ್ನ್ ಹಾಕಿ ಪೂರ್ತಿ ಹಣ ಮರಳಿ ಪಡೆದ ಗಂಡ ಕೊನೆಗೆ ಒಂದು ರೂಪಾಯಿಯನ್ನೂ ಕಟ್ಟಿರುವುದಿಲ್ಲ. ಆದರೂ ತೆರಿಗೆ ಕಟ್ಟದವರ ಮನೆಗಳೂ ‘ಐಟಿ/ಜಿಎಸ್‌ಟಿ’ ಎಂಬ ಒಂದೇ ಷರಾದಡಿ ಬಿದ್ದಿವೆ ಎಂಬ ದೂರು ಹಲವು ಜಿಲ್ಲೆಗಳಿಂದ ಬಂತು. ಪಾನ್–ಆಧಾರ್ ಜೋಡಣೆಯಿಂದ ಹೆಸರು ತಾಳೆ ನೋಡುವುದು ಸುಲಭವಾಗಿತ್ತು; ತಾಳೆ ತಪ್ಪಿದಾಗ ಸರಿಪಡಿಸಿಕೊಳ್ಳುವುದು ಮಾತ್ರ ಅಷ್ಟು ಸುಲಭವಾಗಲಿಲ್ಲ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಪಡಿತರ ಕಾರ್ಡ್ ರದ್ದತಿಗೆ ವಿರೋಧ ಎದ್ದಾಗಲೂ, ಸರ್ಕಾರಿ ನೌಕರರು ಮತ್ತು ತೆರಿಗೆದಾರರನ್ನು ಬಿಟ್ಟು ಉಳಿದವರಿಗೆ ಕಾರ್ಡ್ ಮರಳಿಸುವುದಾಗಿ ರಾಜ್ಯ ಸರ್ಕಾರ ಹೇಳಿತು.

2025–26ರಿಂದ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ರಿಯಾಯಿತಿಯ ಬಲದಿಂದ ತೆರಿಗೆ ಶೂನ್ಯವಾಗಿದೆ. ರಿಟರ್ನ್ ಸಲ್ಲಿಸುವ ಹೊಣೆ ತಪ್ಪಿಲ್ಲ. ರಿಟರ್ನ್ ಸಲ್ಲಿಸಿಯೂ ತೆರಿಗೆ ಕಟ್ಟದವರ ಸಾಲು ಇದರಿಂದ ಉದ್ದವಾಗುತ್ತದೆ.