ಸರ್ಪಗಳಲ್ಲಿ ಗಂಡು ಹೆಣ್ಣು

ಹುಂಜವನ್ನೂ ಹೇಂಟೆಯನ್ನೂ ಮಕ್ಕಳು ಸಹ ಗುರುತಿಸಬಲ್ಲರು. ಹಾವಾಡಿಗನ ಬುಟ್ಟಿಯಲ್ಲಿ ಹೆಡೆಯೆತ್ತಿ ನಿಂತ ನಾಗರಹಾವು ಗಂಡೋ ಹೆಣ್ಣೋ ಎಂದು ಕೇಳಿದರೆ ಮಾತ್ರ ಬಲ್ಲವರೂ ತಡವರಿಸುವರು. ಬಣ್ಣದಲ್ಲಾಗಲಿ ಹೆಡೆಯಲ್ಲಾಗಲಿ ಸ್ಪಷ್ಟವಾದ ಭೇದವಿಲ್ಲ. ಕಣ್ಣು ಸೋತೆಡೆಯಲ್ಲಿ ಕಲ್ಪನೆ ಮುಂದಾಗುವುದು ಸಹಜ. ಈ ವಿಷಯದ ಚರಿತ್ರೆಯು ಬಹುಮಟ್ಟಿಗೆ ಅಂತಹ ಕಲ್ಪನೆಯ ಚರಿತ್ರೆಯೇ ಆಗಿದೆ.

ನಮ್ಮ ಪೂರ್ವಿಕರು ಈ ಪ್ರಶ್ನೆಯನ್ನು ಕೇವಲ ಕುತೂಹಲದಿಂದ ಕೇಳಿದವರಲ್ಲ, ಚಿಕಿತ್ಸೆಗಾಗಿ ಕೇಳಿದರು. ಸುಶ್ರುತಸಂಹಿತೆಯ ಕಲ್ಪಸ್ಥಾನದ ಪ್ರಕಾರ, ಕಣ್ಣು, ನಾಲಗೆ, ಬಾಯಿ, ತಲೆಗಳು ದೊಡ್ಡವಾಗಿದ್ದರೆ ಗಂಡು, ಸಣ್ಣವಾಗಿದ್ದರೆ ಹೆಣ್ಣು, ಎರಡರ ಲಕ್ಷಣವೂ ಬೆರೆತು ವಿಷವು ಮಂದವಾಗಿದ್ದರೆ ನಪುಂಸಕ. ಗಂಡು ಕಚ್ಚಿದರೆ ರೋಗಿಯು ಮೇಲಕ್ಕೂ, ಹೆಣ್ಣು ಕಚ್ಚಿದರೆ ಕೆಳಕ್ಕೂ, ನಪುಂಸಕವಾದರೆ ಓರೆಯಾಗಿಯೂ ನೋಡುವನಂತೆ. ಇಂದು ಪ್ರತಿವಿಷವನ್ನು ಕೊಡುವ ವೈದ್ಯರು ಹಾವಿನ ಲಿಂಗವನ್ನು ವಿಚಾರಿಸುವುದಿಲ್ಲ. ಆದರೂ ಕುರುಹುಗಳನ್ನು ಒಂದು ಕ್ರಮದಲ್ಲಿರಿಸಲು ಯತ್ನಿಸಿದ ಆ ಬುದ್ಧಿಯನ್ನು ನಾವು ಹಳಿಯಲಾಗದು.

ಜನಪದದಲ್ಲಿ ಬೇರೊಂದು ನಂಬಿಕೆ ಬೆಳೆಯಿತು: ನಾಗರಹಾವು ಹೆಣ್ಣು, ಕೇರೆಹಾವು ಅದರ ಗಂಡು ಎಂದು. ಇವೆರಡೂ ಬೇರೆ ಬೇರೆ ಜಾತಿಗಳು. ಎರಡರಲ್ಲಿಯೂ ಗಂಡು ಹೆಣ್ಣುಗಳುಂಟು. ಎರಡು ಕೇರೆಹಾವುಗಳು ಹೆಣೆದುಕೊಂಡು ಮೇಲೆದ್ದು ನಿಲ್ಲುವುದನ್ನು ಕಂಡವರು ದಂಪತಿಗಳ ವಿಲಾಸವೆಂದು ಕೈಮುಗಿಯುವರು. ಅದು ಸಾಮಾನ್ಯವಾಗಿ ಎರಡು ಗಂಡುಗಳ ಮಲ್ಲಯುದ್ಧ. ಎದುರಾಳಿಯ ತಲೆಯನ್ನು ನೆಲಕ್ಕೆ ಒತ್ತುವುದೇ ಅದರ ಗುರಿ. ಪ್ರಾಣಿಶಾಸ್ತ್ರಜ್ಞರು ಇಂತಹ ಜೋಡಿಗಳನ್ನು ಹಿಡಿದು ಪರೀಕ್ಷಿಸಿದ ಮೇಲೆಯೇ ಈ ಭ್ರಾಂತಿ ಅಳಿಯಿತು.

ನಿಜವಾದ ಗುರುತು ಇರುವುದು ಬಾಲದಲ್ಲಿ. ಗಂಡಿನ ಜೋಡಿ ಜನನಾಂಗಗಳು ಬಾಲದ ಬುಡದೊಳಗೆ ಅಡಗಿರುವುದರಿಂದ ಅಲ್ಲಿ ಬಾಲವು ದಪ್ಪವಾಗಿ, ಸಾಮಾನ್ಯವಾಗಿ ನೀಳವಾಗಿಯೂ ಇರುವುದು. ಹೆಣ್ಣಿನ ಬಾಲ ಬೇಗನೆ ಸಣ್ಣಗಾಗುವುದು. ನುಣುಪಾದ ಮೊಂಡು ಸಲಾಕೆಯನ್ನು ಗುದದ್ವಾರದಿಂದ ಬಾಲದ ಕಡೆಗೆ ಮೆಲ್ಲನೆ ತೂರಿಸಿದರೆ ಗಂಡಿನಲ್ಲಿ ಅದು ಹೆಚ್ಚು ದೂರ ಸಾಗುವುದು. 1934ರಲ್ಲಿ ಷೇಫರ್ ಎಂಬವರು ಅಮೆರಿಕದ ‘ಕೋಪಿಯ’ ಪತ್ರಿಕೆಯಲ್ಲಿ ಸರ್ಪಗಳ ಲಿಂಗನಿರ್ಣಯವನ್ನು ಕುರಿತು ಬರೆದರು. ಹಾವು ಸಾಕುವ ದೇಶಗಳಲ್ಲಿ ಸಲಾಕೆಯ ಪರೀಕ್ಷೆ ಇಂದಿಗೂ ರೂಢಿಯಲ್ಲಿದೆ. ಆದರೆ ಪಳಗದ ಕೈಯಿಂದ ಪ್ರಾಣಿಗೆ ಗಾಯವಾಗುವುದು ಖಂಡಿತ.

ಮುಂದಿನ ಹೆಜ್ಜೆಯಲ್ಲಿ ನಮ್ಮ ದೇಶದವರ ಪಾತ್ರ ದೊಡ್ಡದು. ಅನೇಕ ಸರ್ಪಗಳಲ್ಲಿ ಮರಿಯ ಲಿಂಗವನ್ನು ನಿರ್ಣಯಿಸುವುದು ತಾಯಿಯ ವರ್ಣತಂತು, ಮನುಷ್ಯರಲ್ಲಿ ತಂದೆಯದು. ಬನಾರಸಿನಲ್ಲಿ ರಾಯ್ ಚೌಧುರಿಯವರ ಶಿಷ್ಯರಾಗಿ ಹಾವುಗಳ ವರ್ಣತಂತುಗಳನ್ನು ಅಭ್ಯಸಿಸಿದ ಲಾಲ್‌ಜೀ ಸಿಂಗರು, ಪಟ್ಟೆಗಳುಳ್ಳ ಕಟ್ಟುಹಾವಿನ ಹೆಣ್ಣಿನಿಂದ ವಿಶಿಷ್ಟವಾದ ಡಿ.ಎನ್.ಎ. ಅಂಶವನ್ನು ಬೇರ್ಪಡಿಸುವ ಕಾರ್ಯದಲ್ಲಿ ಭಾಗಿಗಳಾದರು. ಅದನ್ನು ಆಧಾರವಾಗಿಟ್ಟುಕೊಂಡೇ 1988ರ ಸುಮಾರಿಗೆ ಅವರು ಹೈದರಾಬಾದಿನಲ್ಲಿ ಮನುಷ್ಯರ ಡಿ.ಎನ್.ಎ. ಗುರುತಿನ ವಿಧಾನವನ್ನು ರೂಪಿಸಿದರು. ಹಾವಿನ ಹೆಣ್ಣುತನವನ್ನು ಅರಸಿ ಹೊರಟ ವಿದ್ಯೆ ನ್ಯಾಯಾಲಯದಲ್ಲಿ ಮಗುವಿನ ತಂದೆ ಯಾರೆಂಬುದಕ್ಕೆ ಸಾಕ್ಷಿ ಹೇಳುವಂತಾಯಿತು.

1972ರ ವನ್ಯಜೀವಿ ಸಂರಕ್ಷಣಾ ಶಾಸನದ ತರುವಾಯ ನಮ್ಮ ಹಾವುಗಳನ್ನು ಹಿಡಿದು ಸಾಕುವಂತಿಲ್ಲ; ಆದುದರಿಂದ ನಮ್ಮಲ್ಲಿ ಬಹುಮಂದಿಗೆ ಬಾಲವನ್ನು ಅಳೆಯುವ ಪ್ರಸಂಗವೇ ಬಾರದು. ಆದರೆ ವಿಷವಿಲ್ಲದ ಕೇರೆ, ಹೊಲದ ಇಲಿಗಳನ್ನು ತಿಂದು ಒಕ್ಕಲಿಗನ ಧಾನ್ಯವನ್ನು ಉಳಿಸುವ ಕೇರೆ, ‘ನಾಗರದ ಗಂಡ’ನೆಂಬ ಅಪವಾದದಿಂದ ಬಡಿಗೆಯ ಏಟಿಗೆ ಸಾಯುವುದುಂಟು. ಆ ಏಟನ್ನು ತಡೆಯುವಷ್ಟು ತಿಳಿವಳಿಕೆ ನಮಗೆ ಬಂದರೆ, ಇಷ್ಟು ಕಾಲದ ಶೋಧನೆ ಸಾರ್ಥಕವಾದಂತೆಯೇ.