ಕುಂಚವೂ ವೀಣೆಯೂ

ಕೆ. ವೆಂಕಟಪ್ಪನವರ ಹೆಸರು ಬೆಂಗಳೂರಿಗರಿಗೆ ಕಸ್ತೂರ್‌ಬಾ ರಸ್ತೆಯ ಚಿತ್ರಶಾಲೆಯ ಹೆಸರಾಗಿಯೇ ಹೆಚ್ಚು ಪರಿಚಿತ. ಆ ಹೆಸರಿನ ಹಿಂದಿದ್ದ ಮನುಷ್ಯನನ್ನು ಬಲ್ಲವರು ವಿರಳ.

1886ರಲ್ಲಿ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಅವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥ 1913ರಲ್ಲಿ ಹೊರಬಂದಾಗ ಅದರಲ್ಲಿ ಇವರು ಬರೆದ ರಾಮಾಯಣದ ಚಿತ್ರಗಳಿದ್ದುವು.

ನಾಡಿಗೆ ಮರಳಿದ ಮೇಲೆ ಅವರನ್ನು ಸೆಳೆದದ್ದು ಉದಕಮಂಡಲ, ಕೊಡೈಕಾನಲ್ಲುಗಳ ಬೆಟ್ಟ, ಕೆರೆ, ಮಂಜು. ಒಂದೇ ಊಟಿಯನ್ನು ಸೂರ್ಯೋದಯದಲ್ಲಿಯೂ ಬೆಳುದಿಂಗಳಿನಲ್ಲಿಯೂ ಚಿತ್ರಿಸಿದರು. ಅದೂ ಜಲವರ್ಣದಲ್ಲಿ! ತೈಲವರ್ಣದವನು ತಪ್ಪಿದರೆ ಮೇಲೆ ಮತ್ತೊಮ್ಮೆ ಬಳಿದು ಮುಚ್ಚಬಲ್ಲ. ಜಲವರ್ಣದವನಿಗೆ ಆ ಅನುಕೂಲ ಕಡಮೆ. ಕಾಗದದ ಬಿಳುಪೇ ಅವನ ಬೆಳಕು, ಅದನ್ನು ಮೊದಲೇ ಎಣಿಸಿ ಉಳಿಸಿಕೊಳ್ಳಬೇಕು. ಮಂಜೋ, ಯಾರಿಗಾಗಿಯೂ ಕಾಯುವುದಿಲ್ಲ. ಹೀಗಾಗಿ ಕುಂಚ ಹಿಡಿಯುವುದಕ್ಕಿಂತ ನೋಡುತ್ತ ಕೂರುವುದೇ ಅಲ್ಲಿ ದೊಡ್ಡ ಕೆಲಸ.

ಇಷ್ಟು ಸಿದ್ಧಿಸಿದ್ದ ಕೈ ವೀಣೆಯನ್ನು ಹಿಡಿಯಿತು. ಮೂವತ್ತು ದಾಟಿದ ವಯಸ್ಸಿನಲ್ಲಿ ಅವರು ವೀಣೆ ಶೇಷಣ್ಣನವರ ಮುಂದೆ ಶಿಷ್ಯರಾಗಿ ಕುಳಿತರು. ಸಂಸಾರ ಹೂಡದ ಮನುಷ್ಯ. ದಿನದ ಹೊತ್ತೆಲ್ಲ ಅಭ್ಯಾಸಕ್ಕೇ. ಆ ಹಂಬಲವನ್ನೇ 'ವೀಣೆಯ ಹುಚ್ಚು' ಎಂದು ತಾವೇ ಚಿತ್ರವಾಗಿಸಿದರು. ತನ್ನ ಹುಚ್ಚನ್ನು ಅಷ್ಟು ದೂರ ನಿಂತು ನೋಡಬಲ್ಲವನು ಹುಚ್ಚನೆಂದು ನನಗಂತೂ ತೋರುವುದಿಲ್ಲ.

ವೀಣೆಗೆ ಕೊಟ್ಟ ವರ್ಷಗಳು ಚಿತ್ರಕಲೆಗೆ ನಷ್ಟವಲ್ಲವೆ ಎಂದು ಕೇಳುವವರುಂಟು. ಎಷ್ಟೋ ಚಿತ್ರಗಳು ಹುಟ್ಟದೆ ಹೋದುವೆಂಬುದನ್ನು ಅಲ್ಲಗಳೆಯಲಾರೆ. ಆದರೆ 1926ರ ಸುಮಾರಿನ ಆ ಊಟಿಯ ಚಿತ್ರಗಳು ವೀಣೆ ಮನೆಗೆ ಬಂದ ಮೇಲಿನವು. ಚಿತ್ರಶಾಲೆಗೆ ಹೋದವರು ಅವುಗಳ ಮುಂದೆ ತುಸು ಹೊತ್ತು ನಿಲ್ಲಬೇಕು.