ಯಾರ ರೊಕ್ಕ, ಯಾರ ಚಿತ್ರ? ಗಡಿಯ ಕೇರಿಯಿಂದ ಸಿನೆಮಾದ ಒಂದು ಚರಿತ್ರೆ

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ತೆರೆಗೆ ಬಂತು. ಅದರ ಚಿತ್ರೀಕರಣ ನಡೆದದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ನಮ್ಮ ನಿಪ್ಪಾಣಿಯಿಂದ ಅಲ್ಲಿಗೆ ಬಸ್ಸಿನಲ್ಲಿ ತಾಸು ಹೊತ್ತಿನ ದಾರಿ. ಕನ್ನಡ ಸಿನೆಮಾದ ಚರಿತ್ರೆ ಬರೆಯುವ ವಿದ್ವಾಂಸರು ಈ ಸಂಗತಿಯನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಿ ಮದ್ರಾಸಿನ ರೈಲು ಹತ್ತಿಬಿಡುತ್ತಾರೆ. ನಾನು ಮಾತ್ರ ಇಲ್ಲೇ ಗಡಿಯಲ್ಲಿ ಇಳಿದುಕೊಳ್ಳುತ್ತೇನೆ. ಯಾಕಂದ್ರ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕೇರಿಗಳಲ್ಲಿ ನಿಂತು ನೋಡಿದರೆ ಸಿನೆಮಾಕ್ಕೂ ಪ್ರಭುತ್ವಕ್ಕೂ ಇರುವ ಸಂಬಂಧ ಬೇರೆ ಥರಾನೇ ಕಾಣುತ್ತದೆ.

ನಮ್ಮವ್ವ ತಂಬಾಕು ವಖಾರಿಯಲ್ಲಿ ಜರಡಿ ಹಿಡಿದವಳು. ವಾರದ ಪಗಾರದಾಗ ನಾಕಾಣೆ ಉಳಿದರೆ ಟೂರಿಂಗ್ ಟಾಕೀಸಿಗೆ ಹೋಗಾಕಿ, ನೆಲದ ಟಿಕೀಟು ತಗೊಂಡು. ಮುಖ್ಯ ಚಿತ್ರಕ್ಕೆ ಮೊದಲು ನ್ಯೂಸ್ ರೀಲು ಬರುತ್ತಿತ್ತು: ಆಣೆಕಟ್ಟು, ಮಂತ್ರಿ, ಕತ್ತರಿ, ರಿಬ್ಬನ್ನು. ಒಮ್ಮೆ ಆಕೆ ಕೇಳಿದಳು: "ತಮ್ಮಾ, ಇದನ್ನ ತಗ್ಯಾಕ ರೊಕ್ಕ ಯಾರ ಕೊಡತಾರೋ?" ಸರಕಾರ, ಅಂದೆ. "ಸರಕಾರಕ್ಕ ಯಾರ ಕೊಡತಾರ?" ನಾನು ಸುಮ್ಮನಾದೆ. ಆಕೆಯ ಕೈಯಲ್ಲಿದ್ದ ಟಿಕೀಟಿನ ಮೇಲೆ ಬೆಲೆಯ ಪಕ್ಕದಲ್ಲೇ ತೆರಿಗೆಯನ್ನೂ ಅಚ್ಚು ಹಾಕಿದ್ದರು. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಹುಡುಕಿಕೊಂಡ ಉತ್ತರ.

1

ಮೊದಲು ಅರಮನೆಯ ರೊಕ್ಕದ ಮಾತು. ಕೊಲ್ಲಾಪುರದಲ್ಲಿ ಬಾಬುರಾವ್ ಪೇಂಟರ್ ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿ 1920ರಲ್ಲಿ 'ಸೈರಂಧ್ರಿ'ಯನ್ನು ಹೊರತಂದಿತು. ಅದೇ 1920ರ ಮಾರ್ಚಿನಲ್ಲಿ ನಿಪ್ಪಾಣಿಯಿಂದ ದೂರವಲ್ಲದ ಮಾಣಗಾಂವದಲ್ಲಿ ಅಸ್ಪೃಶ್ಯರ ಪರಿಷತ್ತು ನಡೆಯಿತು. ಶಾಹೂ ಮಹಾರಾಜರು ಬಂದು, ಇನ್ನೂ ಮೂವತ್ತು ತುಂಬದ ಅಂಬೇಡ್ಕರರನ್ನು ತೋರಿಸಿ, ನಿಮ್ಮ ನಾಯಕ ನಿಮಗೆ ಸಿಕ್ಕಿದ್ದಾನೆ ಎಂಬ ಅರ್ಥದ ಮಾತಾಡಿದರು. ಐದು ವರ್ಷದ ನಂತರ, 1925ರ ಏಪ್ರಿಲ್‌ನಲ್ಲಿ, ಖುದ್ದು ನಿಪ್ಪಾಣಿಯಲ್ಲೇ ಮುಂಬೈ ಇಲಾಖೆಯ ಅಸ್ಪೃಶ್ಯರ ಪರಿಷತ್ತು ಸೇರಿತು. ನಮ್ಮ ಭಾಗದ ಎರಡು ದೊಡ್ಡ ಘಟನೆಗಳು ಜರುಗುತ್ತಿದ್ದಾಗ ನಮ್ಮ ಭಾಗದ ಕ್ಯಾಮರಾ ಮಹಾಭಾರತದ ಕೀಚಕನ ಹಿಂದೆ ಬಿದ್ದಿತ್ತು.

ಇದು ಬಾಬುರಾವ್ ಪೇಂಟರರ ಮೇಲಿನ ದೂರಲ್ಲ. ಅವರೇ 1925ರಲ್ಲಿ ಸಾಲಗಾರ ರೈತನ ಕಥೆಯ 'ಸಾವಕಾರಿ ಪಾಶ'ವನ್ನು ತೆಗೆದವರು. ನಾನು ಕೇಳುವುದು ಪೋಷಣೆಯ ವಿಚಾರ. ಪ್ರಭಾತ್ ಕಂಪನಿ 1933ರಲ್ಲಿ ಪುಣೆಗೆ ಹೋದ ಮೇಲೆ ಕೊಲ್ಲಾಪುರದ ರಾಜಮನೆತನವೇ ಮುಂದೆ ಬಂದು ಕೊಲ್ಲಾಪುರ ಸಿನೆಟೋನ್, ಶಾಲಿನಿ ಸಿನೆಟೋನ್‌ಗಳಿಗೆ ಆಸರೆಯಾಯಿತು. ಆಗ ರಾಯಬಾಗ ಮೈಸೂರಿನದೂ ಅಲ್ಲ, ಬ್ರಿಟಿಷರದೂ ಅಲ್ಲ. ಕೊಲ್ಲಾಪುರ ಸಂಸ್ಥಾನದ ಮಹಾಲು. 1949ರಲ್ಲಿ ಸಂಸ್ಥಾನ ವಿಲೀನವಾಗುವತನಕ ರಾಯಬಾಗದ ಹೊಲದ ಕಂದಾಯ ಕೊಲ್ಲಾಪುರದ ಖಜಾನೆಗೇ ಹೋಗುತ್ತಿತ್ತು. ಆ ಹೊಲದಲ್ಲಿ ದುಡಿದವರಲ್ಲಿ ನಮ್ಮವರೂ ಇದ್ದರು. ಅಂದಮೇಲೆ ಪರದೆಯ ಮೇಲಿನ ಪೇಟ, ಕತ್ತಿ, ಕುದುರೆಗಳಲ್ಲಿ ರಾಯಬಾಗದ ಕೇರಿಯ ಬೆವರೂ ಇತ್ತು. ಚಿತ್ರದಲ್ಲಿ ಕೇರಿ ಮಾತ್ರ ಇರಲಿಲ್ಲ.

2

ಅರಮನೆ ಹೋಗಿ ವಿಧಾನಸೌಧ ಬಂತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ, ಚಂದಗಡ ಬಿಟ್ಟು, ಮೈಸೂರು ರಾಜ್ಯಕ್ಕೆ ಸೇರಿತು. ನಿಪ್ಪಾಣಿ ಯಾರದು ಎಂಬ ಜಗಳ ನಿಲ್ಲಲಿಲ್ಲ. 1967ರ ಮಹಾಜನ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಿ ಎಂದಿತು, ಅದು ಜಾರಿಗೆ ಬರಲಿಲ್ಲ. ಸರಿಯಾಗಿ ಇದೇ ಹೊತ್ತಿನಲ್ಲಿ ಮೈಸೂರು ಸರಕಾರ ಸಿನೆಮಾಕ್ಕೆ ಕೈಹಾಕಿತು. 1966ರಲ್ಲಿ ಬೆಂಗಳೂರಿನಲ್ಲಿ ಸರಕಾರದ ಬೆಂಬಲದ ಕಂಠೀರವ ಸ್ಟುಡಿಯೋ ಹುಟ್ಟಿತು. 1966-67ರಿಂದ ರಾಜ್ಯ ಪ್ರಶಸ್ತಿಗಳು ಬಂದವು, ರಾಜ್ಯದೊಳಗೇ ತಯಾರಾದ ಕನ್ನಡ ಚಿತ್ರಗಳಿಗೆ ಸಹಾಯಧನವೂ ಬಂತು. ಮದ್ರಾಸಿನಲ್ಲಿ ಬೇರು ಬಿಟ್ಟಿದ್ದ ಉದ್ಯಮವನ್ನು ಇಲ್ಲಿಗೆ ಎಳೆದು ತರುವುದು ಇದರ ಉದ್ದೇಶ. ಮಹಾರಾಷ್ಟ್ರವೂ ಹಿಂದೆ ಬೀಳಲಿಲ್ಲ. 1970ರ ದಶಕದಲ್ಲಿ ಮರಾಠಿ ನಿರ್ಮಾಪಕರಿಗೆ ತೆರಿಗೆಯ ಹಣ ಮರಳಿಸುವ ಯೋಜನೆ ತಂದಿತು, 1980ರ ದಶಕದಲ್ಲಿ ಕೊಲ್ಲಾಪುರದಲ್ಲಿ 'ಚಿತ್ರನಗರಿ' ಕಟ್ಟಲು ಹೊರಟಿತು.

ಸಣ್ಣ ಭಾಷೆಗೆ ದೊಡ್ಡ ಮಾರುಕಟ್ಟೆಯ ಎದುರು ನಿಲ್ಲಲು ಸರಕಾರದ ಕೈ ಬೇಕು, ಇದನ್ನು ನಾನು ಒಪ್ಪುತ್ತೇನೆ. ಆದರೆ ಈ ಯೋಜನೆಗಳು ಸಿನೆಮಾಕ್ಕೆ ಹಾಕಿದ ಮೊದಲ ಪರೀಕ್ಷೆ ಭಾಷೆಯದು. ಕನ್ನಡ ಚಿತ್ರಕ್ಕೆ ಮನರಂಜನಾ ತೆರಿಗೆಯಲ್ಲಿ ರಿಯಾಯಿತಿ, ಮುಂದೆ ವಿನಾಯಿತಿ, ಹೊರಭಾಷೆಯದಕ್ಕೆ ತೆರಿಗೆ. ನಿಪ್ಪಾಣಿಯಲ್ಲಿ ಮರಾಠಿ ಚಿತ್ರ ನೋಡುವ ಕೂಲಿಯಾಕಿ ತನ್ನ ಊರಿನಲ್ಲೇ, ತನ್ನ ಮನೆಮಾತಿನ ಚಿತ್ರವನ್ನು 'ಹೊರಗಿನ' ಚಿತ್ರವೆಂದು ತೆರಿಗೆ ಕಟ್ಟಿ ನೋಡಿದಳು. ಗಡಿಯ ಆಚೆ ಜತ್ತ, ಅಕ್ಕಲಕೋಟದ ಕನ್ನಡ ದಲಿತನ ಪಾಡೂ ಇದರ ತಿರುವುಮುರುವು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ಹಳೆಯ ಮನರಂಜನಾ ತೆರಿಗೆ ಹೋಯಿತು. ಅಲ್ಲಿಯತನಕ ಐವತ್ತು ವರ್ಷ ಈ ಲೆಕ್ಕವೇ ನಡೆಯಿತು.

ನಮ್ಮ ಕೇರಿಗಳಲ್ಲಿ ಒಂದೇ ಮನೆಯಲ್ಲಿ ಎರಡೂ ಮಾತು ಇರುತ್ತವೆ. ಹೊಲೆಯ ಅನ್ರಿ, ಮಹಾರ ಅನ್ರಿ. ಬೈಗುಳ ಎರಡೂ ಭಾಷೆಯಲ್ಲಿ ಬಿದ್ದಿವೆ. ಬಾಬಾಸಾಹೇಬರ ಹಾಡು ನಮಗೆ ಮೊದಲು ಮುಟ್ಟಿದ್ದು ಮರಾಠಿ ಜಲಸಾದ ಮೂಲಕ, ವಾಮನದಾದಾ ಕರ್ಡಕರ ಪದಗಳ ಮೂಲಕ. ಪ್ರಭುತ್ವಕ್ಕೆ ಭಾಷೆಯ ಗಡಿ ಕಾಣುತ್ತದೆ, ಜಾತಿಯ ಗಡಿ ಕಾಣೋದಿಲ್ಲ. ಸಹಾಯಧನದ ಅರ್ಜಿಯಲ್ಲಿ 'ಚಿತ್ರದ ಭಾಷೆ ಯಾವುದು' ಎಂದು ಕೇಳಿದವರು 'ಕ್ಯಾಮರಾ ಯಾರ ಕೈಯಲ್ಲಿದೆ' ಎಂದು ಕೇಳಲಿಲ್ಲ.

3

ಹಾಗಂತ ಪ್ರಭುತ್ವ ದಲಿತನನ್ನು ಮರೆತಿತು ಎನ್ನುವಂತಿಲ್ಲ. ಅದು ದಲಿತನನ್ನು ನೆನೆಯುವ ಒಂದು ರೀತಿಯಿದೆ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು 'ಬೂಸಾ' ಅಂದದ್ದಕ್ಕೆ ರಾಜ್ಯ ಹೊತ್ತಿ ಉರಿಯಿತು, ಅವರು ಕುರ್ಚಿ ಬಿಡಬೇಕಾಯಿತು. ಆ ಬೆಂಕಿಯಲ್ಲೇ ದಲಿತ ಚಳುವಳಿ ಹದಗೊಂಡಿತು. ಎರಡು ವರ್ಷಕ್ಕೆ, 1975ರಲ್ಲಿ, ಬಿ.ವಿ. ಕಾರಂತರ 'ಚೋಮನ ದುಡಿ' ಬಂತು. ಆ ವರ್ಷದ ಅತ್ಯುತ್ತಮ ಚಿತ್ರಕ್ಕೆಂದು ರಾಷ್ಟ್ರಪತಿಗಳ ಸ್ವರ್ಣಕಮಲ, ಚೋಮನಾದ ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ. ದೇಶದಲ್ಲಿ ಆಗ ತುರ್ತುಪರಿಸ್ಥಿತಿ.

ಚಿತ್ರದ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಚೋಮನಿಗೆ ಬೇಕಾದದ್ದು ಒಂದು ತುಂಡು ಭೂಮಿ. ಅದು ಸಿಗೋದಿಲ್ಲ, ಆತ ದುಡಿ ಬಾರಿಸುತ್ತ ಸಾಯುತ್ತಾನೆ. ಭೂಮಿ ಕೇಳಿ ಬೀದಿಗಿಳಿದ ಚೋಮರು ಅದೇ ದಶಕದಲ್ಲಿ ಈ ನಾಡಿನಲ್ಲಿ ಎದ್ದಿದ್ದರು. ದಿಲ್ಲಿಗೆ ಪ್ರಿಯನಾದವನು ಸತ್ತ ಚೋಮ. ಪ್ರಭುತ್ವದ ಕರುಣೆಗೆ ಒಂದು ಹೆಣ ಬೇಕು. ಎದ್ದು ನಿಂತವನಿಗೆ ಅದು ಕಮಲ ಕೊಡೋದಿಲ್ಲ. 'ಹೊಸ ಅಲೆ'ಯ ವಿಮರ್ಶೆ ಇಷ್ಟು ದಿನ ಸೌಂದರ್ಯದ ಮಾತಾಡಿತು. ಈ ಲೆಕ್ಕದ ಮಾತನ್ನು ಅದು ಎತ್ತಲಿಲ್ಲ.

4

ಈಗ 1982ಕ್ಕೆ ಬರೋಣ. ಆ ವರ್ಷ ಮೂರು ಸಂಗತಿಗಳು ಒಟ್ಟಿಗೇ ನಡೆದವು.

ಒಂದು, ಗೋಕಾಕ ಚಳುವಳಿ. ರಾಜ್‌ಕುಮಾರ್ ಬೀದಿಗಿಳಿದರು, ಸಿನೆಮಾ ಉದ್ಯಮ ಕನ್ನಡದ ಸೇನೆಯಾಯಿತು. ಇನ್ನು ಮುಂದೆ ಉದ್ಯಮದ ಬೇಡಿಕೆಯೂ ಕನ್ನಡದ ಬೇಡಿಕೆಯೂ ಒಂದೇ ಎಂಬ ನಂಬಿಕೆ ಗಟ್ಟಿಯಾಯಿತು.

ಎರಡು, ಅಟೆನ್‌ಬರೋ ಅವರ 'ಗಾಂಧಿ'. ಸರಕಾರಿ ಸಂಸ್ಥೆಯಾದ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಕೋಟಿಗಟ್ಟಲೆ ಹಣ ಅದರಲ್ಲಿತ್ತು. ಮೂರು ತಾಸಿಗೂ ಮೀರಿದ ಆ ಚಿತ್ರದಲ್ಲಿ ಗಾಂಧೀಜಿ ಲಂಡನ್ನಿಗೆ ದುಂಡುಮೇಜಿನ ಪರಿಷತ್ತಿಗೂ ಹೋಗಿ ಬರುತ್ತಾರೆ. ಅಂಬೇಡ್ಕರ್ ಎಂಬ ಮನುಷ್ಯ ಮಾತ್ರ ಎಲ್ಲೂ ಇಲ್ಲ. ಪುಣೆ ಒಪ್ಪಂದವಿಲ್ಲ. ನಮ್ಮ ಜನರೂ ಕಟ್ಟಿದ ತೆರಿಗೆಯ ಹಣ ಸೇರಿದ ಚಿತ್ರ ನಮ್ಮ ಚರಿತ್ರೆಯನ್ನೇ ಅಳಿಸಿ ಎಂಟು ಆಸ್ಕರ್ ತಂದಿತು.

ಮೂರು, ನಿಪ್ಪಾಣಿ. ಹಿಂದಿನ ವರ್ಷ, 1981ರ ಏಪ್ರಿಲ್ 6ರಂದು, ತಂಬಾಕಿಗೆ ಬೆಲೆ ಕೇಳಿ ಹೆದ್ದಾರಿ ಮೇಲೆ ಕುಂತಿದ್ದ ರೈತರ ಮೇಲೆ ಗೋಲಿಬಾರಾಗಿ ಜೀವಗಳು ಹೋಗಿದ್ದವು. ಶರದ್ ಜೋಶಿಯವರ ಆ ಚಳುವಳಿ ದೇಶಕ್ಕೆಲ್ಲ ಗೊತ್ತಾಯಿತು. ಅದೇ ತಂಬಾಕನ್ನು ವಖಾರಿಯೊಳಗೆ ಕುಟ್ಟಿ, ಸೋಸಿ, ಕೆಮ್ಮಿ ಬದುಕುತ್ತಿದ್ದ ಹೆಂಗಸರ ಸಂಘದ ಸುದ್ದಿ ಅಷ್ಟು ದೂರ ಹೋಗಲಿಲ್ಲ. ಅವರ ಬಳಿಗೆ ಬಂದವರು 'ಯುಗಾಂತರ' ಎಂಬ ಹೆಣ್ಣುಮಕ್ಕಳ ಗುಂಪಿನವರು. ದೀಪಾ ಧನರಾಜ್ ಮತ್ತು ಗೆಳತಿಯರು. ವಖಾರಿಯ ಹೆಂಗಸರ ಜತೆಗೂಡಿ 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲೀ' ಎಂಬ ಇಪ್ಪತ್ತೈದು ನಿಮಿಷದ ಕಪ್ಪುಬಿಳುಪಿನ ಚಿತ್ರ ಮಾಡಿದರು. ತಂಬಾಕಿನ ದೂಳು, ಪಗಾರ, ಮಾಲಕರ ದಬ್ಬಾಳಿಕೆ, ಮುಷ್ಕರ, ಸಂಘ. ಎಲ್ಲವನ್ನೂ ಆ ಹೆಂಗಸರೇ ಹೇಳುತ್ತಾರೆ, ಅವರೇ ಅಭಿನಯಿಸುತ್ತಾರೆ. ಅಲ್ಲಿ ಯಾರೂ ದುಡಿ ಬಾರಿಸುತ್ತ ಸಾಯೋದಿಲ್ಲ.

ಈ ಚಿತ್ರ ಎರಡೂ ರಾಜ್ಯಗಳ ಸಹಾಯಧನದ ಅಳತೆಗೆ ಹೊಂದುವಂಥದ್ದೇ ಅಲ್ಲ. ನೆಲ ಕರ್ನಾಟಕದ್ದು, ಮಾತು ಮರಾಠಿ, ಜಾತಿ-ಧರ್ಮ ಹತ್ತಾರು, ಬಗೆ ಸಾಕ್ಷ್ಯಚಿತ್ರ. ಕನ್ನಡ ಸಿನೆಮಾ ಚರಿತ್ರೆಗೂ ಅದು ಸಲ್ಲಲಿಲ್ಲ, ಮರಾಠಿಗೂ ಸಲ್ಲಲಿಲ್ಲ. ಕೊನೆಗೆ ಅದನ್ನು ಜೋಪಾನ ಮಾಡಿ ಡಿಜಿಟಲ್ ರೂಪಕ್ಕೆ ತರಲು ಬರ್ಲಿನ್ನಿನ ಆರ್ಸೆನಾಲ್ ಎಂಬ ಸಂಸ್ಥೆ ಬೇಕಾಯಿತು. ಒಂದು ಮಾತನ್ನು ನಮ್ಮವರಿಗೂ ಹೇಳಬೇಕು: ಆಗ ಕೂಡ ಕ್ಯಾಮರಾ ಹಿಡಿದವರು ಊರ ಹೊರಗಿನಿಂದ ಬಂದವರೇ. ಅವರು ಹೋದ ಮೇಲೆ ಕ್ಯಾಮರಾವೂ ಹೋಯಿತು.

5

ಬಾಬಾಸಾಹೇಬರ ಮೇಲಿನ ಚಿತ್ರದ ಕಥೆ ಇನ್ನೂ ಪಾಠ ಕಲಿಸುವಂಥದ್ದು. ಜಬ್ಬಾರ್ ಪಟೇಲರ 'ಡಾ. ಬಾಬಾಸಾಹೇಬ ಅಂಬೇಡ್ಕರ್' ಕೇಂದ್ರ ಸರಕಾರ ಮತ್ತು ಮಹಾರಾಷ್ಟ್ರ ಸರಕಾರದ ಹಣದಿಂದ ತಯಾರಾಯಿತು. ಮಮ್ಮೂಟ್ಟಿಯವರಿಗೆ 1998ರ ರಾಷ್ಟ್ರಪ್ರಶಸ್ತಿ ಬಂತು. ಥೇಟರಿಗೆ ಬಂದದ್ದು 2000ದಲ್ಲಿ. ತಮಿಳು ಆವೃತ್ತಿ ಬೆಳಕು ಕಾಣಲು 2010 ಬಂತು, ಅದೂ ಮದ್ರಾಸ್ ಹೈಕೋರ್ಟು ನಡುವೆ ಬಂದ ಮೇಲೆ. ಸರಕಾರ ರೊಕ್ಕ ಕೊಟ್ಟಿತು, ಡಬ್ಬಿಯನ್ನು ಬೇಗ ತೆರೆಯಲಿಲ್ಲ. ಹಣ ಕೊಡುವುದೂ ಜನರಿಗೆ ಮುಟ್ಟಿಸುವುದೂ ಎರಡು ಬೇರೆ ರಾಜಕಾರಣ.

ಕರ್ನಾಟಕದಲ್ಲಿ ಇನ್ನೊಂದು ಗೋಡೆ ಇತ್ತು. 1960ರ ದಶಕದಿಂದ ಡಬ್ಬಿಂಗಿಗೆ ಉದ್ಯಮವೇ ಹಾಕಿಕೊಂಡ ನಿರ್ಬಂಧ. ಅದರಿಂದ ಎಷ್ಟೋ ಕನ್ನಡ ಕಲಾವಿದರ, ತಂತ್ರಜ್ಞರ ಹೊಟ್ಟೆ ತುಂಬಿದೆ, ಅದನ್ನು ಅಲ್ಲಗಳೆಯಲಾರೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ನಿರ್ಬಂಧ ಕಾನೂನಿಗೆ ವಿರುದ್ಧ ಎಂದಿತು. ಐದು ವರ್ಷದ ಮೇಲೆ, 2020ರ ಜುಲೈನಲ್ಲಿ, ಹಿಂದಿಯಿಂದ ಡಬ್ ಆದ 'ಮಹಾನಾಯಕ' ಧಾರಾವಾಹಿ ಕನ್ನಡದ ಖಾಸಗಿ ವಾಹಿನಿಯಲ್ಲಿ ಬಂತು. ಆಮೇಲೆ ಆದದ್ದು ಎಲ್ಲರೂ ಕಂಡದ್ದೇ: ನಾಡಿನ ಊರೂರುಗಳಲ್ಲಿ ಜನ ತಾವೇ ಪಟ್ಟಿ ಹಾಕಿ ಧಾರಾವಾಹಿಯ ಬ್ಯಾನರು ಕಟ್ಟಿದರು. ಬಾಲಕ ಭೀಮನಿಗೆ ಶಾಲೆಯಲ್ಲಿ ನೀರು ಕೊಡದ ಕಥೆಯನ್ನು ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ಕುಂತು ಕನ್ನಡದಲ್ಲಿ ಕೇಳಿದರು. ಸಹಾಯಧನವಿಲ್ಲ, ಪ್ರಶಸ್ತಿಯಿಲ್ಲ, ಲಾಭಕ್ಕೆಂದು ನಡೆಯುವ ಒಂದು ಕಂಪನಿ. ಕನ್ನಡವನ್ನು ಕಾಯುವ ಗೋಡೆಯ ಬಳಿ ಅಂಬೇಡ್ಕರರೂ ಇಷ್ಟು ದಿನ ಹೊರಗೇ ನಿಂತಿದ್ದರು ಎಂಬುದು ಆಗ ತಿಳಿಯಿತು.

ಇದನ್ನು ನೋಡಿ ಕೆಲವು ಗೆಳೆಯರು ಸರಕಾರದ ರೊಕ್ಕವೇ ಬೇಡ, ಮಾರುಕಟ್ಟೆಯೇ ವಾಸಿ ಎನ್ನುತ್ತಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಮಾರುಕಟ್ಟೆ ಇವತ್ತು ಬ್ಯಾನರು ಕಟ್ಟಿಸಿಕೊಂಡು ನಾಳೆ ಬೇರೆ ಕಥೆಗೆ ಹೋಗುತ್ತದೆ. ಅದಕ್ಕೆ ಪ್ರಶ್ನೆ ಕೇಳುವ ಹಕ್ಕು ನಮಗಿಲ್ಲ. ಸರಕಾರಕ್ಕೆ ಕೇಳುವ ಹಕ್ಕಿದೆ, ಯಾಕಂದ್ರ ಆ ರೊಕ್ಕ ನಮ್ಮದು. ಇನ್ನು ಕೆಲವರು, ಸರಕಾರದ ಹಣ ಮುಟ್ಟಿದರೆ ಮಾತು ಸಾಯುತ್ತದೆ ಎನ್ನುತ್ತಾರೆ. ಅಂಜಿಕೆ ಸುಳ್ಳಲ್ಲ. ಆದರೆ ನಾವು ಮುಟ್ಟದಿದ್ದರೆ ಆ ಹಣ ಉಳಿಯೋದಿಲ್ಲ; ಇನ್ಯಾರದೋ ಪೇಟ-ಕತ್ತಿಗೆ ಹೋಗುತ್ತದೆ. ತೊಂಬತ್ತು ವರ್ಷದ ಹಿಂದೆ ರಾಯಬಾಗದ ಕಂದಾಯಕ್ಕೆ ಆದದ್ದು ಅದೇ.

ಹಾಗಾದ್ರ ಕೇಳಬೇಕಾದದ್ದೇನು? ಪರಿಶಿಷ್ಟರ ಉಪಯೋಜನೆಯ 2013ರ ಕರ್ನಾಟಕ ಕಾಯ್ದೆ ಬಜೆಟ್ಟಿನಲ್ಲಿ ಜನಸಂಖ್ಯೆಗೆ ತಕ್ಕ ಪಾಲು ಎನ್ನುತ್ತದೆ. ಆ ನ್ಯಾಯ ಸಿನೆಮಾದ ಬಾಬತ್ತಿಗೂ ಬರಲಿ. ದಲಿತರ 'ಬಗ್ಗೆ' ತೆಗೆದ ಚಿತ್ರಕ್ಕಲ್ಲ, ದಲಿತರು ತೆಗೆಯುವ ಚಿತ್ರಕ್ಕೆ. ತುಳು, ಕೊಡವ, ಕೊಂಕಣಿ, ಬಂಜಾರ ಚಿತ್ರಗಳಿಗೆ ಸಿಗುವ ಮನ್ನಣೆ ಗಡಿ ತಾಲೂಕುಗಳ ಎರಡು ಮಾತಿನ ಚಿತ್ರಕ್ಕೂ ಸಿಗಲಿ. ಸಾಕ್ಷ್ಯಚಿತ್ರವೂ ಲೆಕ್ಕಕ್ಕೆ ಬರಲಿ. ಸರಕಾರದ ಹಣದಲ್ಲಿ ಆದ ಚಿತ್ರಗಳು ಪ್ರತಿ ಹಾಸ್ಟೆಲಿನಲ್ಲಿ, ಪ್ರತಿ ಗ್ರಂಥಾಲಯದಲ್ಲಿ ಪುಕ್ಕಟೆ ಸಿಗಲಿ.

ಅವ್ವ ಈಗಿಲ್ಲ. ವಖಾರಿಯ ದೂಳು ಆಕೆಯ ಎದೆಯೊಳಗೆ ಕೊನೆಯತನಕ ಇತ್ತು. 'ತಂಬಾಕು' ಚಿತ್ರ ಆಕೆ ನೋಡಲಿಲ್ಲ. ನಾನು ನೋಡಿದ್ದು ಆಕೆ ಹೋದ ಮೇಲೆ, ಒಬ್ಬ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ. ಜರಡಿ ಹಿಡಿದ ಆ ಕೈಗಳಲ್ಲಿ ಯಾವುದು ಅವ್ವನದು ಎಂದು ಹುಡುಕುತ್ತ ಕುಂತಿದ್ದೆ. ಪಕ್ಕದಲ್ಲಿದ್ದ ಹುಡುಗ ಕೇಳಿದ: "ಸರ್, ಇದಕ್ಕ ರೊಕ್ಕ ಯಾರ ಕೊಟ್ಟಿದ್ರು?"